ಲೆಬ್ರಾನ್‌ಗಾಗಿ ನ್ಯೂಯಾರ್ಕ್ ಎರಡು ವರ್ಷ ಕಾದದ್ದೇಕೆ?

ಓದುಗರ ಪ್ರಶ್ನೆ: ಅಮೆರಿಕದ ಬ್ಯಾಸ್ಕೆಟ್‌ಬಾಲ್ ತಾರೆ ಲೆಬ್ರಾನ್ ಜೇಮ್ಸ್ ಬಗ್ಗೆ ಓದುವಾಗಲೆಲ್ಲ 2010ರ ಬೇಸಿಗೆಯ ಮಾತು ಬರುತ್ತದೆ. ಅವರನ್ನು ಪಡೆಯುವ ಆಸೆಗೆ ಕೆಲವು ತಂಡಗಳು ಎರಡು ವರ್ಷ ಮೊದಲೇ ತಮ್ಮ ಒಳ್ಳೊಳ್ಳೆಯ ಆಟಗಾರರನ್ನು ಕಳಿಸಿಬಿಟ್ಟವಂತೆ. ಐಪಿಎಲ್ ಹರಾಜಿನ ಹಾಗೆ ಹೆಚ್ಚು ದುಡ್ಡು ಕೂಗಿದವರಿಗೆ ಸಿಗುವುದಿಲ್ಲವೇ? ಇಷ್ಟೆಲ್ಲ ಮಾಡಿದ ನ್ಯೂಯಾರ್ಕಿಗೆ ಕೊನೆಗೂ ಯಾಕೆ ಸಿಗಲಿಲ್ಲ?

ಸಿಗುವುದಿಲ್ಲ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ ಹರಾಜೇ ಇಲ್ಲ. ಐಪಿಎಲ್‌ನಲ್ಲಿ ಪರ್ಸ್ ಇದ್ದ ಹಾಗೆ ಅಲ್ಲಿ ಸ್ಯಾಲರಿ ಕ್ಯಾಪ್, ಅಂದರೆ ಒಂದು ತಂಡದ ಒಟ್ಟು ಸಂಬಳಕ್ಕೆ ಮಿತಿ, ಇದೆ. 2010-11ರ ಸೀಸನ್ನಿಗೆ ಅದು ಸುಮಾರು 5.8 ಕೋಟಿ ಡಾಲರ್. ಅದರ ಜೊತೆಗೆ ಇನ್ನೊಂದು ಕಟ್ಟು: ಒಬ್ಬನೇ ಆಟಗಾರನಿಗೆ ಇಂತಿಷ್ಟಕ್ಕಿಂತ ಹೆಚ್ಚು ಕೊಡುವ ಹಾಗಿಲ್ಲ. ರಷ್ಯಾದ ಕುಬೇರ ಮಿಖಾಯಿಲ್ ಪ್ರೊಖೊರೊವ್ ಆಗಷ್ಟೇ ನ್ಯೂಜೆರ್ಸಿ ನೆಟ್ಸ್ ತಂಡವನ್ನು ಕೊಂಡಿದ್ದರು. ಅವರು ಮನಸ್ಸು ಮಾಡಿದ್ದರೂ ಲೆಬ್ರಾನ್‌ಗೆ ಆ ಗರಿಷ್ಠ ಸಂಬಳದ ಮೇಲೆ ಒಂದು ಡಾಲರ್ ಸೇರಿಸಲು ಆಗುತ್ತಿರಲಿಲ್ಲ.

ರಿಯಾಯಿತಿ ಇದ್ದದ್ದು ಹಳೆಯ ತಂಡಕ್ಕೆ ಮಾತ್ರ. ತನ್ನ ಆಟಗಾರನನ್ನು ಉಳಿಸಿಕೊಳ್ಳಲು ಅದು ಕ್ಯಾಪ್ ದಾಟಬಹುದಿತ್ತು, ಒಂದು ವರ್ಷ ಹೆಚ್ಚಿನ ಒಪ್ಪಂದವನ್ನೂ ಕೊಡಬಹುದಿತ್ತು. ಲೆಕ್ಕ ಹಾಕಿದರೆ ಲೆಬ್ರಾನ್ ಆಗ ಆಡುತ್ತಿದ್ದ ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್ ಆರು ವರ್ಷಕ್ಕೆ ಸುಮಾರು 12.5 ಕೋಟಿ ಡಾಲರ್ ಕೊಡಬಹುದಿತ್ತು; ಬೇರೆಯವರು ಐದು ವರ್ಷಕ್ಕೆ 9.6 ಕೋಟಿಯ ಆಸುಪಾಸು. ದುಡ್ಡೇ ಮುಖ್ಯವಾಗಿದ್ದರೆ ಲೆಬ್ರಾನ್ ಊರು ಬಿಡುತ್ತಲೇ ಇರಲಿಲ್ಲ.

ಹಾಗಾದರೆ ಎರಡು ವರ್ಷದ ತಯಾರಿ ಯಾತಕ್ಕೆ? ಕ್ಯಾಪ್‌ನೊಳಗೆ ಜಾಗ ಮಾಡಿಕೊಳ್ಳುವುದಕ್ಕೆ. ಎನ್‌ಬಿಎಯಲ್ಲಿ ಹೆಚ್ಚಿನ ಒಪ್ಪಂದಗಳು ಖಾತರಿಯವು. ಆಟಗಾರ ಆಡಲಿ ಬಿಡಲಿ, ಸಂಬಳ ಕೊಡಲೇಬೇಕು, ಅದು ಕ್ಯಾಪ್‌ನ ಲೆಕ್ಕಕ್ಕೂ ಬರುತ್ತದೆ. ಬೇಡವೆಂದು ಕೈಬಿಟ್ಟರೆ ಜಾಗ ಖಾಲಿಯಾಗುವುದಿಲ್ಲ. ಇರುವ ದಾರಿಯೆಂದರೆ, 2011 ಅಥವಾ 2012ರವರೆಗೆ ಒಪ್ಪಂದ ಇರುವವನನ್ನು ಬೇರೆ ತಂಡಕ್ಕೆ ದಾಟಿಸಿ, 2010ರೊಳಗೆ ಒಪ್ಪಂದ ಮುಗಿಯುವವನನ್ನು ಬದಲಿಗೆ ತೆಗೆದುಕೊಳ್ಳುವುದು. ಬರುವವನ ಆಟ ಹೇಗಿದೆ ಎಂಬುದಕ್ಕಿಂತ ಅವನ ಒಪ್ಪಂದ ಯಾವಾಗ ಮುಗಿಯುತ್ತದೆ ಎಂಬುದಕ್ಕೇ ಆಗ ಬೆಲೆ.

ನ್ಯೂಯಾರ್ಕ್ ನಿಕ್ಸ್ ಮಾಡಿದ್ದು ಅದನ್ನೇ. 2008ರ ನವೆಂಬರ್ 21ರಂದು, ಒಂದೇ ದಿನ, ತಂಡದಲ್ಲಿ ಅತಿ ಹೆಚ್ಚು ಪಾಯಿಂಟ್ ಗಳಿಸುತ್ತಿದ್ದ ಇಬ್ಬರನ್ನೂ ಕಳಿಸಿಬಿಟ್ಟರು. ಜಮಾಲ್ ಕ್ರಾಫರ್ಡ್ ಗೋಲ್ಡನ್ ಸ್ಟೇಟ್ ತಂಡಕ್ಕೆ, ಝ್ಯಾಕ್ ರ‍್ಯಾಂಡಾಲ್ಫ್ ಕ್ಲಿಪ್ಪರ್ಸ್ ತಂಡಕ್ಕೆ. ನಾಲ್ಕು ದಿನ ಬಿಟ್ಟು ಕ್ಲೀವ್‌ಲ್ಯಾಂಡ್ ತಂಡ ನಿಕ್ಸ್‌ನ ತವರು ಅಂಗಳ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ಗೆ ಆಡಲು ಬಂತು. ಎದುರಾಳಿ ತಂಡದ ಲೆಬ್ರಾನ್‌ಗೆ ನಿಕ್ಸ್ ಅಭಿಮಾನಿಗಳೇ ಚಪ್ಪಾಳೆ ತಟ್ಟಿದರು. ಮುಂದಿನ ಫೆಬ್ರುವರಿಯಲ್ಲಿ ಅದೇ ಅಂಗಳದಲ್ಲಿ ಅವರು 52 ಪಾಯಿಂಟ್, 11 ಅಸಿಸ್ಟ್ (ಜೊತೆಗಾರ ಬುಟ್ಟಿಗೆ ಹಾಕುವಂತೆ ಕೊಟ್ಟ ಪಾಸ್) ಮಾಡಿ ನಿಕ್ಸ್ ತಂಡವನ್ನೇ ಸೋಲಿಸಿದರು. ಅಭಿಮಾನಿಗಳ ಆಸೆ ಇನ್ನಷ್ಟು ಹೆಚ್ಚಿತು. ಆ ಎರಡು ವರ್ಷ ಟಿಕೆಟ್ ಕೊಂಡು ಬಂದು, ಸೋಲುವ ತಂಡವನ್ನು ನೋಡುತ್ತ ಕೂತ ಜನರನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

2010 ಎಂಬ ಇಸವಿ ಎಲ್ಲರಿಗೂ ಮೊದಲೇ ಹೇಗೆ ಗೊತ್ತಿತ್ತು? 2006ರಲ್ಲಿ ಲೆಬ್ರಾನ್ ಪೂರ್ಣಾವಧಿಯ ಒಪ್ಪಂದ ಒಲ್ಲೆನೆಂದು, 2007ರಲ್ಲಿ ಶುರುವಾಗಿ ಮೂರು ವರ್ಷದ ಬಳಿಕ ಬೇಕಿದ್ದರೆ ಹೊರಬರಬಹುದಾದ ಚಿಕ್ಕ ಒಪ್ಪಂದಕ್ಕೆ ಸಹಿ ಹಾಕಿದ್ದರು. 2003ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಏರ್ಪಾಡು) ಅವರ ಜೊತೆಗೇ ಬಂದಿದ್ದ ಡ್ವೇನ್ ವೇಡ್ ಮತ್ತು ಕ್ರಿಸ್ ಬಾಶ್ ಕೂಡ ಅದೇ ಬೇಸಿಗೆಯಲ್ಲಿ ಅದೇ ಬಗೆಯ ಒಪ್ಪಂದ ಮಾಡಿಕೊಂಡರು. ಮೂವರಿಗೂ ಒಂದೇ ದಿನ ಬಾಗಿಲು ತೆರೆಯುವಂತಾಯಿತು. ನಾಲ್ಕು ವರ್ಷ ಎಲ್ಲರ ಕಣ್ಣೆದುರಿಗೇ ಇದ್ದ ಸುಳಿವು ಅದು.

ನ್ಯೂಯಾರ್ಕಿಗೆ ಯಾಕೆ ಸಿಗಲಿಲ್ಲ ಎಂಬುದಕ್ಕೆ ಉತ್ತರ ಬೇಕಾದರೆ ಓಹಾಯೋ ರಾಜ್ಯದಲ್ಲಿ ಕ್ಲೀವ್‌ಲ್ಯಾಂಡ್‌ಗೆ ಹತ್ತಿರದ ಆಕ್ರನ್‌ಗೆ ಹೋಗಬೇಕು. 1984ರ ಡಿಸೆಂಬರ್ 30ರಂದು ಅಲ್ಲಿ ಲೆಬ್ರಾನ್ ಹುಟ್ಟಿದಾಗ ತಾಯಿ ಗ್ಲೋರಿಯಾಗೆ ಹದಿನಾರು ವರ್ಷ. ಅಪ್ಪನ ಆಸರೆ ಇರಲಿಲ್ಲ. ತಾಯಿ ಮಗ ಮನೆಯಿಂದ ಮನೆಗೆ, ಪರಿಚಯದವರ ಸೋಫಾದಿಂದ ಸೋಫಾಕ್ಕೆ ಅಲೆದರು. ನಾಲ್ಕನೇ ತರಗತಿಯಲ್ಲಿ ಹುಡುಗ 80ಕ್ಕೂ ಹೆಚ್ಚು ದಿನ ಶಾಲೆಯ ಮುಖ ನೋಡಲಿಲ್ಲ. ಆಗ ಮಕ್ಕಳಿಗೆ ಅಮೆರಿಕನ್ ಫುಟ್‌ಬಾಲ್ ಕಲಿಸುತ್ತಿದ್ದ ಫ್ರ್ಯಾಂಕ್ ವಾಕರ್ ಎಂಬ ಕೋಚ್ ಅವನನ್ನು ತಮ್ಮ ಮನೆಯಲ್ಲಿ ಇರಿಸಿಕೊಂಡರು. ಬ್ಯಾಸ್ಕೆಟ್‌ಬಾಲ್ ಹಿಡಿಸಿದ್ದೂ ಅವರೇ. ಮರುವರ್ಷ ಹುಡುಗ ಒಂದು ದಿನವೂ ಶಾಲೆ ತಪ್ಪಿಸಲಿಲ್ಲ.

ಬೆಳಿಗ್ಗೆ ಎದ್ದರೆ ರಾತ್ರಿ ಎಲ್ಲಿ ಮಲಗುತ್ತೇನೆಂದು ಗೊತ್ತಿಲ್ಲದ ಮಗುವಿಗೆ ಸದಾ ಜೊತೆಗಿರುವ ಗೆಳೆಯರೆಂದರೆ ಏನು ಎಂಬುದನ್ನು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಡ್ರೂ ಜಾಯ್ಸ್ ಎಂಬ ಕೋಚ್ ಕಟ್ಟಿದ ಶೂಟಿಂಗ್ ಸ್ಟಾರ್ಸ್ ತಂಡದಲ್ಲಿ ಅವನಿಗೆ ಅಂಥವರು ಸಿಕ್ಕರು: ಕೋಚ್‌ನ ಮಗ ಪುಟ್ಟ ಡ್ರೂ, ಸಿಯಾನ್ ಕಾಟನ್, ವಿಲ್ಲಿ ಮೆಗೀ. ಅವರು ಅಭ್ಯಾಸ ಮಾಡುತ್ತಿದ್ದ ಸಾಲ್ವೇಶನ್ ಆರ್ಮಿಯ ಹಾಲಿನಲ್ಲಿ ಮರದ ನೆಲ ಕೂಡ ಇರಲಿಲ್ಲ, ಬರೀ ಲಿನೋಲಿಯಂ ಹಾಸು. 1999ರಲ್ಲಿ ಎಂಟನೇ ತರಗತಿಯವರ ರಾಷ್ಟ್ರೀಯ ಫೈನಲ್‌ವರೆಗೆ ಹೋಗಿ ಎರಡೇ ಪಾಯಿಂಟಿನಿಂದ ಸೋತರು. ಹೈಸ್ಕೂಲಿಗೂ ಒಟ್ಟಿಗೇ ಹೋಗುವುದು, ಬೇರೆಯಾಗುವುದಿಲ್ಲ ಎಂದು ಮಾತಾಯಿತು.

ಆಕ್ರನ್‌ನ ಕಪ್ಪು ಜನರೆಲ್ಲ ಈ ಹುಡುಗರು ಬಕ್ಟೆಲ್ ಎಂಬ ಸರ್ಕಾರಿ ಶಾಲೆಗೇ ಬರುತ್ತಾರೆಂದು ನಂಬಿದ್ದರು. ಪುಟ್ಟ ಡ್ರೂ ತೀರಾ ಕುಳ್ಳ. ಬಕ್ಟೆಲ್‌ನ ಮುಖ್ಯ ತಂಡದಲ್ಲಿ ತನಗೆ ಆಡಲು ಬಿಡುವುದಿಲ್ಲ ಎಂದು ಅವನಿಗೆ ಅನ್ನಿಸಿತು. ಕೀತ್ ಡ್ಯಾಂಬ್ರೊಟ್ ಕೋಚ್ ಆಗಿದ್ದ ಸೇಂಟ್ ವಿನ್ಸೆಂಟ್–ಸೇಂಟ್ ಮೇರಿ ಎಂಬ ಕ್ಯಾಥೊಲಿಕ್ ಶಾಲೆಗೆ ಹೋಗುತ್ತೇನೆ ಎಂದ. ಹೆಚ್ಚಿನ ವಿದ್ಯಾರ್ಥಿಗಳು ಬಿಳಿಯರಾಗಿದ್ದ ಶಾಲೆ ಅದು. ಉಳಿದ ಮೂವರೂ ಅವನ ಹಿಂದೆ ನಡೆದರು. ಊರೇ ಬಾ ಎಂದು ಕರೆಯುತ್ತಿದ್ದ ಲೆಬ್ರಾನ್ ತಂಡದ ಅತಿ ಕುಳ್ಳ ಗೆಳೆಯನಿಗಾಗಿ ಶಾಲೆ ಆರಿಸಿಕೊಂಡ. ದ್ರೋಹಿಗಳು ಎಂದು ಜನ ಬೈದರು. ಆ ಶಾಲೆ ನಾಲ್ಕು ವರ್ಷದಲ್ಲಿ ಮೂರು ಬಾರಿ ರಾಜ್ಯ ಚಾಂಪಿಯನ್ ಆಯಿತು.

2010ರ ಜುಲೈ ಮೊದಲ ವಾರ ಆರು ತಂಡಗಳವರು ಒಬ್ಬರಾದ ಮೇಲೆ ಒಬ್ಬರು ಕ್ಲೀವ್‌ಲ್ಯಾಂಡ್‌ನಲ್ಲಿ ಲೆಬ್ರಾನ್ ಎದುರು ಕೂತರು. ಏಳು ವರ್ಷ ಅವರು ಹೆಚ್ಚುಕಡಿಮೆ ಒಂಟಿಯಾಗಿ ತಂಡವನ್ನು ಎಳೆದಿದ್ದರು. 2007ರಲ್ಲಿ ಡೆಟ್ರಾಯ್ಟ್ ವಿರುದ್ಧದ ಒಂದು ಪಂದ್ಯದಲ್ಲಿ ಕ್ಲೀವ್‌ಲ್ಯಾಂಡ್‌ನ ಕೊನೆಯ 30 ಪಾಯಿಂಟ್‌ಗಳಲ್ಲಿ 29 ಅವರದೇ. ಅದೇ ಸಲ ಫೈನಲ್‌ನಲ್ಲಿ ಸ್ಯಾನ್ ಆಂಟೋನಿಯೊ ಎದುರು ತಂಡ 4-0ಯಿಂದ ಸೋತಿತ್ತು. ನಿಕ್ಸ್ ಬಳಿ ದೊಡ್ಡ ನಗರವಿತ್ತು, ಇಬ್ಬರು ತಾರೆಯರಿಗೆ ಜಾಗವೂ ಇತ್ತು. ಆದರೆ ಜಾಗ ಮಾಡುವ ಭರದಲ್ಲಿ ಜೊತೆಗೆ ಆಡಬೇಕಾದವರೇ ಖಾಲಿಯಾಗಿದ್ದರು. ಮಯಾಮಿ ಹೀಟ್ ತಂಡದ ಅಧ್ಯಕ್ಷ ಪ್ಯಾಟ್ ರೈಲಿ ತಮ್ಮ ಚಾಂಪಿಯನ್‌ಶಿಪ್ ಉಂಗುರಗಳನ್ನು ತಂದು ತೋರಿಸಿದರು. ಆದರೆ ಅವರ ನಿಜವಾದ ಬಂಡವಾಳ ಮಯಾಮಿಗೆ ಆಡಲಿದ್ದ ವೇಡ್ ಮತ್ತು ಬಾಶ್. ಲೆಬ್ರಾನ್ ಆರಿಸಿಕೊಂಡದ್ದು ಮಯಾಮಿಯನ್ನೇ. ಮೂವರೂ ತಮಗೆ ಸಿಗಬಹುದಾದ ಗರಿಷ್ಠ ಸಂಬಳಕ್ಕಿಂತ ಕಡಿಮೆಗೆ ಒಪ್ಪಿದರು. 2008ರ ಡ್ರಾಫ್ಟ್‌ನಲ್ಲಿ ಎರಡನೆಯವನಾಗಿ ಆರಿಸಿದ್ದ ಮೈಕಲ್ ಬೀಸ್ಲಿಯನ್ನು ಮಯಾಮಿ ಹೆಚ್ಚುಕಡಿಮೆ ಪುಕ್ಕಟೆಯಾಗಿ ಮಿನೆಸೋಟಕ್ಕೆ ಕೊಟ್ಟು ಉಳಿದ ಜಾಗ ಹೊಂದಿಸಿತು.

ಗೆಳೆಯರ ಜೊತೆ ಆಡಲು ಹೋದದ್ದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ತಪ್ಪಿದ್ದು ಹೇಳಿದ ರೀತಿಯಲ್ಲಿ. ಜುಲೈ 8ರ ರಾತ್ರಿ ಟಿವಿಯಲ್ಲಿ ವಿಶೇಷ ಕಾರ್ಯಕ್ರಮ ಇಟ್ಟು, ತನ್ನ ಊರಿನವರಿಗೂ ಜಗತ್ತಿಗೂ ಒಂದೇ ಸಲ ತಿಳಿಸಬಾರದಿತ್ತು. ಕ್ಲೀವ್‌ಲ್ಯಾಂಡ್‌ನ ಬೀದಿಗಳಲ್ಲಿ ಅವರ 23ನೇ ನಂಬರಿನ ಜೆರ್ಸಿಗಳಿಗೆ ಬೆಂಕಿ ಬಿತ್ತು. ದ್ರೋಹಿ ಎಂಬ ಮಾತು ಎರಡನೇ ಸಲ ಕೇಳಬೇಕಾಯಿತು.

ನಿಕ್ಸ್ ಅಷ್ಟರಲ್ಲಿ ಅಮಾರೆ ಸ್ಟೌಡಮೈರ್ ಎಂಬ ಇನ್ನೊಬ್ಬ ತಾರೆಯ ಜೊತೆ ಸುಮಾರು 10 ಕೋಟಿ ಡಾಲರ್‌ಗೆ ಮಾತು ಮುಗಿಸಿತ್ತು. ಲೆಬ್ರಾನ್‌ನ ಆ ಟಿವಿ ಕಾರ್ಯಕ್ರಮ ನಡೆದದ್ದು ಕನೆಕ್ಟಿಕಟ್‌ನ ಗ್ರೀನಿಚ್‌ನಲ್ಲಿ. ಅಲ್ಲಿಂದ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಕಾರಿನಲ್ಲಿ ಗಂಟೆಯ ದಾರಿ.