ಕಿಡ್ನಿ ಕಸಿ ಆದವರಿಗೆ ವಾರಗಟ್ಟಲೆ ತಲೆನೋವೇ? ಫಂಗಸ್ ಇರಬಹುದು

ಕಿಡ್ನಿ ಕಸಿ ಈಗ ಬೆಳಗಾವಿಯಲ್ಲೇ ಆಗುತ್ತದೆ. ಕಸಿ ಮಾಡಿಸಿಕೊಂಡವರು ಊರಿಗೆ ಮರಳಿ ಹೊಲ, ಅಂಗಡಿ ನೋಡಿಕೊಂಡು ಚೆನ್ನಾಗಿದ್ದಾರೆ. ಆದರೆ ಇವರಿಗೆ ಅಪರೂಪಕ್ಕೆ ಬರುವ ಒಂದು ಕಾಯಿಲೆಯ ಸುದ್ದಿ ಊರಲ್ಲಿ ಯಾರೂ ಎತ್ತುವುದಿಲ್ಲ. ಅದು ಮಿದುಳಿಗೆ ತಗಲುವ ಫಂಗಸ್.

1954ರಲ್ಲಿ ಬಾಸ್ಟನ್‌ನಲ್ಲಿ ಜೋಸೆಫ್ ಮರ್ರೆ ತಂಡ ಮೊದಲ ಬಾರಿ ಕಿಡ್ನಿ ಕಸಿಯಲ್ಲಿ ಗೆದ್ದಾಗ ಈ ಭಯ ಇರಲಿಲ್ಲ. ಕೊಟ್ಟವರು, ಪಡೆದವರು ತದ್ರೂಪಿ ಅವಳಿಗಳು. ದೇಹ ಹೊಸ ಕಿಡ್ನಿಯನ್ನು ತನ್ನದೇ ಅಂದುಕೊಂಡಿತು. ಉಳಿದವರಿಗೆ ಹಾಗಾಗದು, ಅಲ್ವಾ? ಅವರ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸಬೇಕಾಯಿತು. ಅದಕ್ಕೆಂದೇ 1960ರ ದಶಕದಲ್ಲಿ ಅಜಥಯೋಪ್ರಿನ್, 1980ರ ದಶಕದಲ್ಲಿ ಸೈಕ್ಲೋಸ್ಪೋರಿನ್, ಆಮೇಲೆ ಟ್ಯಾಕ್ರೋಲಿಮಸ್ ಎಂಬ ಔಷಧಿಗಳು ಬಂದವು. ಸೈಕ್ಲೋಸ್ಪೋರಿನ್ ಸಿಕ್ಕಿದ್ದೇ ನಾರ್ವೆಯ ಮಣ್ಣಿನಲ್ಲಿದ್ದ ಒಂದು ಫಂಗಸ್‌ನಿಂದ!

ಕಿಡ್ನಿ ಉಳಿಸುವ ಈ ಗುಳಿಗೆಗಳೇ ಬೇರೆ ಫಂಗಸ್‌ಗಳಿಗೆ ದಾರಿ ಬಿಡುತ್ತವೆ. ಪಾರಿವಾಳದ ಹಿಕ್ಕೆ ಬಿದ್ದ ಮಣ್ಣಿನಲ್ಲಿ ಕ್ರಿಪ್ಟೋಕಾಕಸ್ ಎಂಬ ಫಂಗಸ್ ಬೆಳೆಯುತ್ತದೆ. ತಿಪ್ಪೆಯಲ್ಲಿ, ಕೊಳೆತ ಕಬ್ಬಿನ ರವದಿಯಲ್ಲಿ ಆಸ್ಪರ್ಜಿಲಸ್ ಇರುತ್ತದೆ. ನಾವೆಲ್ಲ ಇವನ್ನು ಉಸಿರಾಡುತ್ತೇವೆ, ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಕಸಿ ಆದವರಲ್ಲಿ ಮಾತ್ರ ಇವು ಶ್ವಾಸಕೋಶದಿಂದ ರಕ್ತಕ್ಕೆ ಇಳಿದು ಮಿದುಳು ಸೇರಬಹುದು. 2021ರಲ್ಲಿ ಕೋವಿಡ್ ಜೊತೆ ಬಂದ ಕಪ್ಪು ಫಂಗಸ್ ಮೂಗಿನಿಂದ ಮೇಲೇರುತ್ತದೆ. ಅದೂ ಇವರನ್ನು ಬಿಡದು.

ನನಗೆ ಜಾಸ್ತಿ ಚಿಂತೆ ಕ್ರಿಪ್ಟೋಕಾಕಸ್‌ನದು. ಕಸಿಯಾಗಿ ವರ್ಷ ಕಳೆದು, ಎಲ್ಲ ಸರಿಯಾಯ್ತು ಅನ್ನುವ ಹೊತ್ತಿಗೆ ಬರುವುದೇ ಹೆಚ್ಚು. ತಲೆನೋವು ವಾರಗಟ್ಟಲೆ ಮೆಲ್ಲಗೆ ಏರುತ್ತದೆ. ಕೆಲವರಿಗೆ ಜ್ವರವೇ ಇರುವುದಿಲ್ಲ. ಬಿಸಿಲು, ಪಿತ್ತ ಅಂತ ಮೆಡಿಕಲ್ ಅಂಗಡಿಯ ಮಾತ್ರೆ ನುಂಗುತ್ತಾ ದಿನ ಕಳೆಯುತ್ತಾರೆ. ಇನ್ನು ಪರೀಕ್ಷೆಗೆಂದು ಬೆನ್ನಿನಿಂದ (ಬೆನ್ನುಹುರಿಯ ಸುತ್ತಲಿನ) ನೀರು ತೆಗೆದರೆ ಕಾಲು ಹೋಗುತ್ತದೆ ಎಂಬ ತಪ್ಪು ಹೆದರಿಕೆ ಬೇರೆ. ದಯವಿಟ್ಟು ಆ ಪರೀಕ್ಷೆಗೆ ಬೇಡ ಅನ್ನಬೇಡಿ. ರೋಗ ಗೊತ್ತಾಗುವುದೇ ಅದರಿಂದ.

ಮದ್ದಿನದು ಇನ್ನೊಂದು ಕಥೆ. 1950ರ ದಶಕದ ಆಂಫೋಟೆರಿಸಿನ್ ಫಂಗಸ್ ಕೊಲ್ಲುತ್ತಿತ್ತು, ಕಿಡ್ನಿಗೂ ಪೆಟ್ಟು ಕೊಡುತ್ತಿತ್ತು. ಕಷ್ಟಪಟ್ಟು ಪಡೆದ ಕಿಡ್ನಿಗೇ! ಅದೇ ಮದ್ದನ್ನು ಕೊಬ್ಬಿನ ಸಣ್ಣ ಗುಳ್ಳೆಗಳಲ್ಲಿ ತುಂಬಿದ ಲೈಪೋಸೋಮಲ್ ರೂಪ ಬಂದ ಮೇಲೆ ಪೆಟ್ಟು ಕಡಿಮೆಯಾಯಿತು, ಬೆಲೆ ಏರಿತು. ಆಸ್ಪರ್ಜಿಲಸ್‌ಗೆ 2002ರಿಂದ ವೊರಿಕೊನಜೋಲ್ ಇದೆ. ಮಿದುಳಿನವರೆಗೂ ಮುಟ್ಟುತ್ತದೆ. ಆದರೆ ಇದು ರಕ್ತದಲ್ಲಿ ಟ್ಯಾಕ್ರೋಲಿಮಸ್ ಮಟ್ಟವನ್ನು ಏರಿಸುತ್ತದೆ. ಹಾಗಾಗಿ ಟ್ಯಾಕ್ರೋಲಿಮಸ್ ಪ್ರಮಾಣವನ್ನು ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಸಿ, ಮತ್ತೆ ಮತ್ತೆ ರಕ್ತ ಪರೀಕ್ಷೆ ಮಾಡಬೇಕು. ಹೆದರಿ ಕಸಿಯ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಿದರೂ ಅಪಾಯ. ದೇಹ ಕಿಡ್ನಿಯನ್ನು ತಿರಸ್ಕರಿಸಬಹುದು, ಮಿದುಳಿನ ಊತವೂ ಹೆಚ್ಚಬಹುದು. ಎಷ್ಟು ಇಳಿಸಬೇಕು, ಯಾವಾಗ ಇಳಿಸಬೇಕು ಅನ್ನುವುದನ್ನು ಕಸಿ ವೈದ್ಯರೇ ಹೇಳಬೇಕು. ತಲೆನೋವು ಶುರುವಾದಾಗ ಮೊದಲ ಫೋನ್ ಅವರಿಗೇ ಮಾಡಿ.