ಕನ್ನಡದ ಫೈಲಲ್ಲಿ ಸಣ್ಣ ಎರಡು, ಸಣ್ಣ ಮೂರು ಯಾಕೆ ಬರುತ್ತೆ?

ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡೋ ಕನ್ನಡದವರಿಗೆ ಊರವರಿಂದ, ಸಂಘದವರಿಂದ ಈ ಫೋನ್ ಬಂದೇ ಬರುತ್ತೆ: "ಎಕ್ಸೆಲ್ ತೆಗೆದ್ರೆ ಹೆಸರೆಲ್ಲಾ ಏನೇನೋ ಆಗಿದೆ, ವೈರಸ್ ಹೊಕ್ಕಿರ್ಬೇಕು ನೋಡಪ್ಪಾ." ಅಷ್ಟೊತ್ತಿಗೆ ಆಂಟಿವೈರಸ್ ಓಡಿಸಿ ಆಗಿರುತ್ತೆ, ರಿಪೇರಿ ಅಂಗಡಿಯವರು ಫಾರ್ಮ್ಯಾಟ್ ಮಾಡ್ಬೇಕು ಅಂತಾನೂ ಹೇಳಿರ್ತಾರೆ. ದಯವಿಟ್ಟು ಮಾಡಿಸ್ಬೇಡಿ. ಸೇವ್ ಕೂಡ ಒತ್ತಬೇಡಿ. ಇದು ವೈರಸ್ ಅಲ್ಲವೇ ಅಲ್ಲ, ಹೆಚ್ಚಿನ ಸಲ ನಿಮ್ಮ ಕನ್ನಡ ಫೈಲೊಳಗೆ ಇದ್ದಹಾಗೇ ಇರುತ್ತೆ.

ಫೈಲಲ್ಲಿ ಇರೋದು ಬರೀ ನಂಬರು. ಅಕ್ಷರಗಳನ್ನ ನಂಬರಾಗಿ ಬರೆದಿಡೋ ಯುಟಿಎಫ್-8 ಪದ್ಧತೀಲಿ 'ಕ' ಅಂದ್ರೆ 224, 178, 149 ಅಂತ ಮೂರು ಬೈಟು (ಬೈಟು ಅಂದ್ರೆ 0ಯಿಂದ 255ರೊಳಗಿನ ಒಂದು ನಂಬರು). ಈ ನಂಬರನ್ನ ಅಕ್ಷರ ಮಾಡೋಕೆ ಒಂದು ಪಟ್ಟಿ ಬೇಕು. ಎಕ್ಸೆಲ್ ಸಿಎಸ್‌ವಿ ಫೈಲ್ (ಅಲ್ಪವಿರಾಮ ಹಾಕಿ ಬರೆದಿಟ್ಟ ಸಾದಾ ಪಟ್ಟಿ) ತೆಗೆಯುವಾಗ ಯಾವ ಪದ್ಧತಿ ಅಂತ ಹೇಳೋ ಗುರುತು ಏನೂ ಕಾಣದಿದ್ರೆ ವಿಂಡೋಸಿನ ಹಳೇ ಪಟ್ಟಿ, ಅಂದ್ರೆ ಸಾಮಾನ್ಯವಾಗಿ 1252 ಅನ್ನೋದನ್ನ ಹಿಡ್ಕೊಂಡು ಓದುತ್ತೆ, ಪುಣೆ ಬಸ್ಸಿನ ನಂಬರನ್ನ ಬೆಂಗಳೂರಿನ ರೂಟ್ ಪಟ್ಟೀಲಿ ಹುಡುಕಿದ ಹಾಗೆ, ನಂಬರ್ ಸರಿನೇ ಇದೆ ಆದ್ರೆ ತೋರಿಸೋ ಊರು ಬೇರೆ. ಆ ಪಟ್ಟೀಲಿ 224 ಅಂದ್ರೆ ತಲೆ ಮೇಲೆ ಓರೆ ಗೆರೆ ಇರೋ ಇಂಗ್ಲಿಷಿನ ಎ, 178 ಅಂದ್ರೆ ವರ್ಗದ ಗುರುತಿಗೆ ಹಾಕ್ತೀವಲ್ಲ ಆ ಸಣ್ಣ 2, 179 ಅಂದ್ರೆ ಸಣ್ಣ 3.

ಈಗ 'ಪುಣೆ' ಅನ್ನೋದನ್ನೇ ನೋಡಿ. ನಮ್ಮ ಕಣ್ಣಿಗೆ ಎರಡಕ್ಷರ, ಕಂಪ್ಯೂಟರಿಗೆ ಪ, ಉಕಾರ, ಣ, ಎಕಾರ ಅಂತ ನಾಲ್ಕು, ಒಟ್ಟು 12 ಬೈಟು. ಕನ್ನಡದಲ್ಲಿ ಈಗ ಬಳಸೋ ಎಲ್ಲಾ ವ್ಯಂಜನಗಳೂ 224, 178ರಿಂದ ಶುರುವಾಗ್ತವೆ. ಕಾಗುಣಿತದ ಗುರುತಲ್ಲಿ ದೀರ್ಘ ಆ, ಹ್ರಸ್ವ ಇ, ಅನುಸ್ವಾರ, ವಿಸರ್ಗ ಬಿಟ್ಟು ಮಿಕ್ಕಿದ್ದು 224, 179ರಿಂದ. ಹಾಗಾಗಿ ಪುಣೆ ಕೆಟ್ಟು ಕಾಣುವಾಗ ಆ ಗೆರೆ ಎ ಪಕ್ಕ ಸಣ್ಣ 2, ಆಮೇಲೆ 3, ಮತ್ತೆ 2, ಮತ್ತೆ 3 ಅಂತ ಸಾಲಾಗಿ ಬರುತ್ತೆ. ನಾವು ಕಸ ಅಂತ ಬೈಯೋದ್ರೊಳಗೆ ವ್ಯಂಜನ-ಕಾಗುಣಿತದ ಲೆಕ್ಕ ಅಚ್ಚುಕಟ್ಟಾಗಿ ಕೂತಿದೆ, ನನಗಂತೂ ಪ್ರತಿ ಸಲ ನೋಡಿದಾಗ್ಲೂ ಖುಷಿ ಆಗುತ್ತೆ! ಪುಣೆಯ ಸದಸ್ಯರ ಪಟ್ಟೀಲಿ ಮರಾಠಿ ವಿಳಾಸ ಇದ್ರೆ ಅದೂ ಕೆಟ್ಟಿರುತ್ತೆ, ಆದ್ರೆ ಬೇರೆ ಥರ. ದೇವನಾಗರಿಯ ಎರಡನೇ ಬೈಟು 164 ಅಥವಾ 165, ಹಳೇ ಪಟ್ಟೀಲಿ 165 ಅಂದ್ರೆ ಜಪಾನಿನ ಯೆನ್ ಗುರುತು. ಯೆನ್ ತುಂಬಿದ್ರೆ ಮರಾಠಿ ಅಥವಾ ಹಿಂದಿ, ಸಣ್ಣ 2-3 ತುಂಬಿದ್ರೆ ಕನ್ನಡ ಅಂತ ದೂರದಿಂದ್ಲೇ ಹೇಳ್ಬಹುದು.

ಎರಡೂ ಲಿಪಿಗೆ ಇಷ್ಟು ಹತ್ತಿರದ ಲೆಕ್ಕ ಬಂದಿದ್ರ ಹಿಂದೆ ಪುಣೆಗೂ ಒಂದು ಪಾಲಿದೆ. ಕಂಪ್ಯೂಟರಲ್ಲಿ ಭಾರತೀಯ ಲಿಪಿ ಬರೆಯೋಕೆ ಐಐಟಿ ಕಾನ್ಪುರದಲ್ಲಿ ಹುಟ್ಟಿದ ಜಿಸ್ಟ್ ತಂತ್ರಜ್ಞಾನ, 1988ರಲ್ಲಿ ಶುರುವಾದ ಪುಣೆಯ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನಲ್ಲಿ ಬೆಳೀತು. ಭಾರತೀಯ ಲಿಪಿಗಳ ಅಕ್ಷರಕ್ಕೆ ನಂಬರ್ ಕೊಡೋ, ಅದೇ ಬಳಗದ ಇಸ್ಕಿ ಪದ್ಧತಿ 1991ರಲ್ಲಿ ಭಾರತೀಯ ಮಾನಕ ಆಯ್ತು. ಬ್ರಾಹ್ಮಿಯಿಂದ ಬಂದ ಲಿಪಿಗಳಿಗೆಲ್ಲಾ 'ಕ'ಗೆ ಒಂದೇ ಜಾಗ, 'ಮ'ಗೆ ಒಂದೇ ಜಾಗ ಅನ್ನೋದು ಅದರ ಉಪಾಯ. ಲೋಕದ ಲಿಪಿಗಳಿಗೆಲ್ಲಾ ಅಕ್ಷರಕ್ಕೊಂದು ನಂಬರ್ ಕೊಡೋ ಯುನಿಕೋಡ್ ಪಟ್ಟಿ, ಇಸ್ಕಿಯ 1988ರ ಆವೃತ್ತಿಯ ಈ ಜೋಡಣೆನೇ ತಗೊಂಡಿತು (ಯುನಿಕೋಡಿನ ನಂಬರನ್ನ ಬೈಟಾಗಿ ಬರೆಯೋ ರೀತಿನೇ ಯುಟಿಎಫ್-8). ಇವತ್ತಿಗೂ ಯುನಿಕೋಡಲ್ಲಿ ಮರಾಠಿ 'ಕ' 2325, ಕನ್ನಡದ್ದು 3221, ಮರಾಠಿ 'ಮ' 2350, ಕನ್ನಡದ್ದು 3246, ಯಾವುದನ್ನ ಕಳೆದ್ರೂ ಬರೋದು 896.

ಸರಿ, ರಿಪೇರಿ. ಎಕ್ಸೆಲಲ್ಲಿ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡ್ದೆ ಖಾಲಿ ಹಾಳೆ ತೆಗೆದು ಡೇಟಾ ಟ್ಯಾಬಿನ 'ಫ್ರಮ್ ಟೆಕ್ಸ್ಟ್/ಸಿಎಸ್‌ವಿ' ಒತ್ತಿ, ಫೈಲ್ ಒರಿಜಿನ್ ಅನ್ನೋ ಕಡೆ 65001 ಯುಟಿಎಫ್-8 ಆರಿಸಿ, ಅಷ್ಟೇ. ಕೆಟ್ಟಿದ್ದನ್ನ ಕಾಪಿ ಮಾಡಿ ವಾಟ್ಸಾಪಲ್ಲಿ ಕಳಿಸಿ "ಸರಿ ಮಾಡಿಕೊಡಿ" ಅಂತಾರೆ, ಅದು ಬೇಡ, ಮೂಲ ಫೈಲನ್ನೇ ಕಳಿಸಿ. ಯಾಕಂದ್ರೆ ಒತ್ತಕ್ಷರ ಕಟ್ಟೋ ಹಲಂತದ ಕೊನೆ ಬೈಟು 141, ಉಕಾರದ್ದು 129, ಈ ಎರಡಕ್ಕೂ 1252 ಪಟ್ಟೀಲಿ ಅಕ್ಷರನೇ ಇಲ್ಲ, ಕಾಪಿ ಪೇಸ್ಟಲ್ಲಿ ಅವು ಸದ್ದಿಲ್ದೆ ಉದುರಿಹೋಗಬಹುದು. ಹಾಗೆ ಉದುರಿದ್ಮೇಲೆ ಆ ಹೆಸರುಗಳನ್ನ ಮತ್ತೆ ಕೈಯಲ್ಲೇ ತಿದ್ದಬೇಕು.

ಇಂಗ್ಲಿಷಿನ ಪಿ, ಕ್ಯೂ, ನಡುವೆ ಪೌಂಡ್ ಗುರುತು ಹೀಗೆ ಕಂಡ್ರೆ ಕಥೆ ಬೇರೆ, ಅದು 'ನುಡಿ' ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಲ್ಲಿ ಟೈಪ್ ಮಾಡಿದ್ದು. ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ ಫಾಂಟು ಅದು. ಆ ಫಾಂಟ್ ಹಾಕಿ, ಇಲ್ಲಾ ಯುನಿಕೋಡಿಗೆ ಬದಲಾಯಿಸೋ ಕನ್ವರ್ಟರ್ ಬಳಸಿ. ಖಾಲಿ ಡಬ್ಬಿ ಡಬ್ಬಿ ಕಂಡ್ರೆ ಕನ್ನಡ ಫಾಂಟ್ ಇಲ್ಲ ಅಂತ ಅರ್ಥ, ಗಾಬರಿ ಬೇಡ.

ಪ್ರೋಗ್ರಾಮ್ ಬರೆಯೋ ಹುಡುಗ್ರಿಗೆ ನಾನು ಹೇಳೋದು, ಪೈಥಾನಲ್ಲಿ ಫೈಲ್ ತೆಗೆಯುವಾಗೆಲ್ಲಾ ಎನ್‌ಕೋಡಿಂಗ್ ಯುಟಿಎಫ್-8 ಅಂತ ಬಾಯಿಬಿಟ್ಟು ಬರೀರಿ, ನಿಮ್ಮ ಲಿನಕ್ಸಲ್ಲಿ ಬರೀದೇನೂ ನಡೆಯುತ್ತೆ, ಗ್ರಾಹಕರ ವಿಂಡೋಸಲ್ಲಿ ಕೈಕೊಡಬಹುದು. ಎಕ್ಸೆಲಿಗೆ ಅಂತ ಸಿಎಸ್‌ವಿ ಕೊಡೋದಾದ್ರೆ ಯುಟಿಎಫ್-8-ಸಿಗ್ ಬಳಸಿ, ಫೈಲ್ ತಲೇಲಿ 239, 187, 191 ಅಂತ ಮೂರು ಬೈಟಿನ ಗುರುತು ಕೂರುತ್ತೆ, ಎಕ್ಸೆಲ್ ಅದನ್ನ ನೋಡಿ ಸರಿಯಾದ ಪಟ್ಟಿ ಹಿಡಿಯುತ್ತೆ. ಹೆಸರನ್ನ ಬೈಟ್ ಲೆಕ್ಕದಲ್ಲಿ ಕತ್ತರಿಸ್ಬೇಡಿ, 20 ಬೈಟಿಗೆ ಕತ್ತರಿಸಿದ್ರೆ ಕಂಪ್ಯೂಟರಿನ ಲೆಕ್ಕದ ಏಳನೇ ಅಕ್ಷರ ಅರ್ಧಕ್ಕೇ ತುಂಡಾಗುತ್ತೆ.

ನಿಜವಾಗ್ಲೂ ಹೆದರಬೇಕಾದ್ದು ಪ್ರಶ್ನಾರ್ಥಕ ಚಿಹ್ನೆಗಳ ಸಾಲಿಗೆ. ಕನ್ನಡ ಇಲ್ಲದ ಪಟ್ಟಿಗೆ ಯಾವುದೋ ಸಾಫ್ಟ್‌ವೇರ್ ಬಲವಂತವಾಗಿ ಬರೆದಾಗ ಪ್ರತಿ ಅಕ್ಷರದ ಜಾಗಕ್ಕೂ 63 ಅನ್ನೋ ಒಂದೇ ನಂಬರ್ ಬಿದ್ದಿರುತ್ತೆ. 'ಕ'ನೂ 63, 'ಮ'ನೂ 63. ಅದನ್ನ ಯಾವ ಕನ್ವರ್ಟರ್ರೂ ವಾಪಸ್ ತರೋಕಾಗಲ್ಲ, ಫೈಲ್ ಕಳಿಸಿದವರ ಹತ್ರ ಹಳೇ ಪ್ರತಿ ಇದೆಯಾ ಅಂತ ಅವತ್ತೇ ಕೇಳಿ, ಅವರು ಡಿಲೀಟ್ ಮಾಡೋ ಮುಂಚೆ.