ಟಿಮರೆಯಲ್ಲಿ ಮೂರು ಲುಬ್ಬ

‘ನಿನ್ನೆ ಸಂಜೆ ಝಿಂಡೂರನು ಟಿಮರೆಯಲ್ಲಿ ಮೂರು ಲುಬ್ಬಗಳನ್ನು ಕಿಲಿಸಿದನು.’

ಈಗ ಪ್ರಶ್ನೆಗಳು. ಝಿಂಡೂರ ಕಿಲಿಸಿದ್ದು ಎಲ್ಲಿ? ಟಿಮರೆಯಲ್ಲಿ. ಏನನ್ನು? ಲುಬ್ಬಗಳನ್ನು. ಯಾವಾಗ? ನಿನ್ನೆ ಸಂಜೆ. ಮೂರಕ್ಕೆ ಮೂರು ಅಂಕ! ಆದರೆ ಟಿಮರೆ ಎಂದರೆ ಊರೋ, ಪಾತ್ರೆಯೋ? ಲುಬ್ಬವನ್ನು ತಿನ್ನುತ್ತಾರೋ, ಹೊಲಿಯುತ್ತಾರೋ? ಹೇಳಲಾಗದು. ಇವು ನಾನೇ ಹುಟ್ಟಿಸಿದ ಪದಗಳು, ಅರ್ಥವೇ ಇಲ್ಲ.

ಉತ್ತರ ಹೇಳಿಕೊಟ್ಟದ್ದು ವಿಭಕ್ತಿ ಪ್ರತ್ಯಯಗಳು. ‘ಅಲ್ಲಿ’ ಕಂಡರೆ ಜಾಗ, ‘ಅನ್ನು’ ಕಂಡರೆ ಕರ್ಮಪದ. ಕನ್ನಡದಲ್ಲಂತೂ ಪ್ರತ್ಯಯ ಪದಕ್ಕೇ ಅಂಟಿಕೊಂಡಿರುತ್ತದೆ. ಪದಗಳನ್ನು ಹಿಂದುಮುಂದು ಮಾಡಿದರೂ ಸುಳಿವು ಕಳೆದುಹೋಗುವುದಿಲ್ಲ. ‘ಗದ್ಯಭಾಗವನ್ನು ಓದಿ ಉತ್ತರಿಸಿ’ ಎಂದಾಗ ಎಷ್ಟೋ ಮಕ್ಕಳು ಮೊದಲು ಪ್ರಶ್ನೆ ನೋಡಿ, ಅದರಲ್ಲಿರುವ ಪದ ಗದ್ಯದಲ್ಲಿ ಎಲ್ಲಿದೆಯೆಂದು ಹುಡುಕಿ, ಆ ಸಾಲನ್ನು ಹಾಗೇ ಇಳಿಸುತ್ತಾರೆ. ಅಂಕ ಬರುತ್ತದೆ. ಮಕ್ಕಳನ್ನು ದೂರಿ ಫಲವಿಲ್ಲ, ಪ್ರಶ್ನೆ ಕೇಳಿದ್ದೇ ಅಷ್ಟನ್ನು.

ಕಂಪ್ಯೂಟರುಗಳೂ ಇದೇ ದಾರಿ ಹಿಡಿದವು. 2016ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ವಿಕಿಪೀಡಿಯಾ ಲೇಖನಗಳನ್ನು ಆಧರಿಸಿ ಒಂದು ಲಕ್ಷಕ್ಕೂ ಹೆಚ್ಚು ಪ್ರಶ್ನೆಗಳ ‘ಸ್ಕ್ವಾಡ್’ ಎಂಬ ಪರೀಕ್ಷೆ ಸಿದ್ಧಪಡಿಸಿದರು. ಪ್ರತಿ ಉತ್ತರವೂ ಗದ್ಯದಲ್ಲೇ ಇರುವ ತುಣುಕು. 2018ರ ಜನವರಿಯಲ್ಲಿ ಅಲಿಬಾಬಾ ಮತ್ತು ಮೈಕ್ರೋಸಾಫ್ಟ್‌ನ ಮಾದರಿಗಳು (ಓದಿ ಉತ್ತರಿಸಲು ತರಬೇತಾದ ಕಂಪ್ಯೂಟರ್ ಪ್ರೋಗ್ರಾಂಗಳು) ಪದಕ್ಕೆ ಪದ ಹೊಂದುವ ಉತ್ತರಗಳ ಲೆಕ್ಕದಲ್ಲಿ ಮನುಷ್ಯರ ಅಂಕವನ್ನು ದಾಟಿದವು.

ಆದರೆ 2017ರಲ್ಲೇ ಸ್ಟ್ಯಾನ್‌ಫರ್ಡ್‌ನವರೇ ಆದ ರಾಬಿನ್ ಜಿಯಾ ಮತ್ತು ಪರ್ಸಿ ಲಿಯಾಂಗ್ ಒಂದು ಸೊಗಸಾದ ಪ್ರಯೋಗ ಮಾಡಿದ್ದರು. ಅಮೆರಿಕನ್ ಫುಟ್‌ಬಾಲ್ ಕುರಿತ ಗದ್ಯ; ಸೂಪರ್ ಬೌಲ್ ಎಂದರೆ ಆ ಆಟದ ವಾರ್ಷಿಕ ಫೈನಲ್ ಪಂದ್ಯ. 33ನೇ ಸೂಪರ್ ಬೌಲ್‌ನಲ್ಲಿ 38 ವರ್ಷದವನಾಗಿದ್ದ ಕ್ವಾರ್ಟರ್‌ಬ್ಯಾಕ್ ಆಟಗಾರ ಯಾರು? ಜಾನ್ ಎಲ್ವೇ ಎಂದು ಯಂತ್ರ ಸರಿಯಾಗಿಯೇ ಹೇಳಿತ್ತು. ಗದ್ಯದ ಕೊನೆಗೆ, 34ನೇ ಚಾಂಪ್ ಬೌಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಜೆಫ್ ಡೀನ್ 37ನೇ ನಂಬರಿನ ಜೆರ್ಸಿ ತೊಟ್ಟಿದ್ದನೆಂಬ ಸಾಲು ಸೇರಿಸಿದ್ದೇ ತಡ, ಉತ್ತರ ಜೆಫ್ ಡೀನ್ ಆಯಿತು. ವಯಸ್ಸಿಗೂ ಜೆರ್ಸಿಗೂ ಎಲ್ಲಿಯ ಸಂಬಂಧ? ಇಂಥ ಸಾಲುಗಳನ್ನು ಸೇರಿಸಿದಾಗ 16 ಮಾದರಿಗಳ ಸರಾಸರಿ ಅಂಕ ಶೇ. 75ರಿಂದ 36ಕ್ಕೆ ಕುಸಿಯಿತು.

ಮನೋವಿಜ್ಞಾನಿ ವಾಲ್ಟರ್ ಕಿಂಚ್ ಓದಿನಲ್ಲಿ ಮೂರು ಪದರಗಳನ್ನು ಗುರುತಿಸಿದರು: ಕಣ್ಣಿಗೆ ಕಾಣುವ ಪದಗಳು, ವಾಕ್ಯಗಳು ಹೇಳುವ ಸಂಗತಿ, ಮತ್ತು ಆ ಸನ್ನಿವೇಶವೇ ಮನಸ್ಸಿನಲ್ಲಿ ಮೂಡುವುದು. ಮೂರನೆಯದಕ್ಕೆ ಓದುವವರು ತಮಗೆ ಮೊದಲೇ ಗೊತ್ತಿರುವುದನ್ನೂ ಬೆರೆಸಬೇಕು. ಅರ್ಥವಾಗುವುದು ಎಂದರೆ ನನ್ನ ಮಟ್ಟಿಗೆ ಇದೇ. ಟಿಮರೆಯ ವಿಷಯದಲ್ಲಿ ನಮಗೆ ಬೆರೆಸಲು ಏನೂ ಇರಲಿಲ್ಲ.

ಪಕ್ಕದ ಮನೆಯ ಐದನೇ ಕ್ಲಾಸಿನ ಹುಡುಗಿಗೆ ಒಮ್ಮೆ ಎರಡು ಸಾಲು ಬರೆದುಕೊಟ್ಟೆ: ‘ಆಕಾಶ ಕಪ್ಪಾಯಿತು. ಅಜ್ಜಿ ಓಡಿಹೋಗಿ ಹಗ್ಗದ ಮೇಲಿದ್ದ ಬಟ್ಟೆಗಳನ್ನು ಒಳಗೆ ತಂದಳು.’ ಯಾಕೆ ತಂದಳು ಅಂತ ಕೇಳಿದೆ. ಅವಳ ಬೆರಳು ಸಾಲುಗಳ ಮೇಲೆ ಎರಡು ಸಲ ಓಡಾಡಿತು. “ಅದು ಇದರಲ್ಲಿ ಕೊಟ್ಟಿಲ್ಲ ಆಂಟಿ” ಅಂದಳು.

ಹಾಳೆ ಮಡಚಿಟ್ಟು, “ನಿಮ್ಮಜ್ಜಿ ಯಾವಾಗ ಹಾಗೆ ಓಡಿಹೋಗಿ ಬಟ್ಟೆ ತರ್ತಾರೆ?” ಅಂದೆ.

“ಮಳೆ ಬರೋ ಹಾಗಾದಾಗ” ಎಂದವಳೇ, ಮಡಚಿದ ಹಾಳೆಯನ್ನು ನನ್ನ ಕೈಯಿಂದ ಕಿತ್ತುಕೊಂಡು ಮತ್ತೆ ಬಿಡಿಸಿದಳು.